ಎಪ್ಪತ್ತೆಂಟರಲ್ಲಿ ನಿಂತ ಮುಳ್ಳು

ಕಳೆದ ವಾರ ನಂಜನಗೂಡಿನ ಪೇಟೆಯಲ್ಲಿ ಸೊಪ್ಪು ಕೊಂಡು ಬರುತ್ತಿದ್ದಾಗ ಹಿಟ್ಟಿನ ಮಿಲ್ಲಿನ ಒಳಗಿಂದ ಒಂದು ವಾಸನೆ ಬಂದು ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿತು. ಯಾರೋ ಮನೆಯ ಮಗುವಿಗೆಂದು ಮೊಳಕೆ ರಾಗಿ, ಹೆಸರುಕಾಳು, ಕಡಲೆಕಾಯಿ ಬೀಜ ಎಲ್ಲವನ್ನೂ ಹುರಿದು ಬೀಸಲು ಕೊಟ್ಟಿದ್ದರು. ಹಿಟ್ಟು ಹಬೆಯಾಡುತ್ತ ಡಬ್ಬಕ್ಕೆ ಬೀಳುತ್ತಿತ್ತು. ಮಿಲ್ಲಿನವನು ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು, ಏನು ಬೇಕಿತ್ತಕ್ಕ ಎಂದು ಕೇಳಿದ. ಏನೂ ಬೇಡವೆಂದು ತಲೆಯಾಡಿಸಿದೆನೇ ಹೊರತು ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಅವತ್ತು ಬೆಳಿಗ್ಗೆ ತಾನೆ ತೂಕ ನೋಡಿಕೊಂಡು ಬೇಜಾರಾಗಿ ಬಂದಿದ್ದೆ. ಎಪ್ಪತ್ತೆಂಟು. ಎರಡು ತಿಂಗಳಿಂದ ಅದೇ ಎಪ್ಪತ್ತೆಂಟು. ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆ, ಸಕ್ಕರೆ ಮುಟ್ಟುವುದಿಲ್ಲ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಬರೀ ಸೊಪ್ಪಿನ ಪಲ್ಯ. ಆದರೂ ಮುಳ್ಳು ಅಲ್ಲಾಡುವುದಿಲ್ಲ. ಐದು ವರ್ಷದ ಹಿಂದೆಯೂ ಹೀಗೇ ಇದೇ ಅಂಕಿಯಲ್ಲಿ ಮುಳ್ಳು ಹೂತುಕೊಂಡು ಕೂತಿತ್ತು. ಆಗ ಅದರ ಮೇಲೆ ಒಂದು ಜೀವ ನಿಂತಿತ್ತು.

ನಾನು ಆರೋಗ್ಯ ಇಲಾಖೆಯವಳು. ಕಾಗದದ ಮೇಲೆ ನನ್ನ ಹುದ್ದೆಯ ಹೆಸರು ಒಂದು ಸಾಲಿನಷ್ಟು ಉದ್ದವಿದೆ, ಹಳ್ಳಿಯವರ ಬಾಯಲ್ಲಿ ಮಾತ್ರ ನರ್ಸಮ್ಮ. ಮನೆ ನಂಜನಗೂಡಿನಲ್ಲಿ, ಕೆಲಸ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ. ಬಸುರಿಯರ ತೂಕ, ಬಾಣಂತಿಯರ ತೂಕ, ಅಂಗನವಾಡಿ ಮಕ್ಕಳ ತೂಕ ನೋಡಿ ಬರೆಯುವುದು, ಕಮ್ಮಿಯಿದ್ದರೆ ಬೈದು ತಿನ್ನಿಸುವುದು ಇಪ್ಪತ್ತೈದು ವರ್ಷದಿಂದ ನನ್ನ ಉದ್ಯೋಗ. ಮಗುವನ್ನು ತೂಕದ ಜೋಳಿಗೆಗೆ ಹಾಕುವ ಮುಂಚೆ ಅಜ್ಜಿಯರು ಅದರ ಕೆನ್ನೆಗೆ ಕಪ್ಪು ಬೊಟ್ಟಿಡುತ್ತಾರೆ. ತೂಕವನ್ನು ಗಟ್ಟಿಯಾಗಿ ಹೇಳಬೇಡ, ದೃಷ್ಟಿಯಾಗುತ್ತದೆ ಎಂದು ಬೇಡಿಕೊಳ್ಳುತ್ತಾರೆ. ನಾನೂ ಬಾಯಲ್ಲಿ ಸ್ವಲ್ಪ ಕಮ್ಮಿ ಹೇಳಿ ಪುಸ್ತಕದಲ್ಲಿ ಸರಿಯಾದದ್ದನ್ನು ಬರೆದುಕೊಳ್ಳುತ್ತಿದ್ದೆ. ನನ್ನ ತೂಕವನ್ನಂತೂ ಯಾರೂ ಕೇಳಿರಲಿಲ್ಲ. ಎಂಬತ್ನಾಲ್ಕು ಇದ್ದೆ, ಸುಖವಾಗಿಯೇ ಇದ್ದೆ.

ನನ್ನ ತಮ್ಮ ಮಾದೇವ ನಮ್ಮೂರು ಹೆಡತಲೆಯಲ್ಲಿ ಅವ್ವನ ಜೊತೆ ಇದ್ದು ಬೇಸಾಯ ನೋಡಿಕೊಳ್ಳುತ್ತಿದ್ದ. ನನಗಿಂತ ಆರು ವರ್ಷ ಚಿಕ್ಕವನು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವನ ಎರಡು ಕಿಡ್ನಿಯೂ ಕೈಕೊಟ್ಟವು. ಬೀಪಿ ಯಾವಾಗ ಏರಿತೋ ಯಾರಿಗೂ ಗೊತ್ತಿಲ್ಲ. ಊರೂರು ತಿರುಗಿ ಕಂಡವರ ತೋಳಿಗೆಲ್ಲ ಪಟ್ಟಿ ಸುತ್ತುವ ಅಕ್ಕ, ಒಡಹುಟ್ಟಿದವನ ತೋಳನ್ನು ಒಂದು ದಿನವೂ ಮುಟ್ಟಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ನೆಂಟರು ನನ್ನ ಕಿವಿಗೆ ಬೀಳುವಂತೆಯೇ ಅಂದರು. ಅಂದದ್ದು ಸುಳ್ಳಲ್ಲ.

ವಾರಕ್ಕೆ ಮೂರು ದಿನ ಮೈಸೂರಿನಲ್ಲಿ ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಯಾರಾದರೂ ಕೊಟ್ಟರೆ ಒಳ್ಳೆಯದು, ಮನೆಯವರಾದರೆ ಇನ್ನೂ ಒಳ್ಳೆಯದು ಎಂದರು. ಅವನ ಹೆಂಡತಿ ಸವಿತಳ ರಕ್ತದ ಗುಂಪು ಕೂಡಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ನನ್ನದು ಎಲ್ಲ ಹೊಂದಿತು. ನಮ್ಮ ಯಜಮಾನರು ಮೂರನೆಯ ದಿನ ಒಪ್ಪಿದರು. ದೊಡ್ಡ ಡಾಕ್ಟರು ನನ್ನ ಕಾಗದಗಳನ್ನೆಲ್ಲ ನೋಡಿದರು. ಇಷ್ಟು ತೂಕದವರಿಂದ ತೆಗೆಯುವುದು ಕಷ್ಟ, ಮುಂದೆ ಒಂದೇ ಕಿಡ್ನಿಯಲ್ಲಿ ನಿಮಗೇ ತೊಂದರೆಯಾಗುತ್ತದೆ, ಎಪ್ಪತ್ನಾಲ್ಕಕ್ಕೆ ಇಳಿದು ಬನ್ನಿ ಅಂದರು. ಹತ್ತು ಕೇಜಿ ತಾನೆ, ಮೂರು ತಿಂಗಳಲ್ಲಿ ಇಳಿಸಿ ಬಿಸಾಕುತ್ತೇನೆ ಎಂದು ನಾನು ಹೊರಗೆ ಬಂದು ತಮ್ಮನಿಗೆ ಜಂಭದಿಂದ ಹೇಳಿದೆ. ಆ ವರ್ಷವಿಡೀ ಅವನು ಕಿಡ್ನಿಯ ಮಾತೆತ್ತಲಿಲ್ಲ. ಕೊಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಮೊದಲ ಆರು ಕೇಜಿ ಬೆಣ್ಣೆ ಕರಗಿದಂತೆ ಕರಗಿದವು. ಬೆಳಿಗ್ಗೆ ಐದೂವರೆಗೆ ಎದ್ದು ದೇವಸ್ಥಾನದ ಮುಂದಿನಿಂದ ಸ್ನಾನಘಟ್ಟದವರೆಗೆ, ಅಲ್ಲಿಂದ ಸೇತುವೆಯವರೆಗೆ, ಮತ್ತೆ ವಾಪಸ್ಸು. ಯಜಮಾನರು ಹತ್ತು ದಿನ ಜೊತೆಗೆ ಬಂದರು, ಹನ್ನೊಂದನೆಯ ದಿನದಿಂದ ನನ್ನ ಆರೋಗ್ಯಕ್ಕೆ ಮನೆಯಲ್ಲೇ ಮಲಗಿ ಹಾರೈಸತೊಡಗಿದರು. ಹಬ್ಬದ ಒಬ್ಬಟ್ಟು ಬಿಟ್ಟೆ, ಬಸ್‌ಸ್ಟ್ಯಾಂಡಿನ ವಡೆ ಬಿಟ್ಟೆ, ರಸಬಾಳೆ ಗೊನೆ ಮನೆಯಲ್ಲೇ ಹಣ್ಣಾಗಿ ಘಮ್ಮೆನ್ನುತ್ತಿದ್ದರೂ ಆ ಕೋಣೆಗೆ ಕಾಲಿಡಲಿಲ್ಲ. ಮುಂಗಾರು ಬರುವಷ್ಟರಲ್ಲಿ ಎಪ್ಪತ್ತೆಂಟಾಗಿತ್ತು. ರವಿಕೆಗಳನ್ನು ಟೈಲರಿಗೆ ಕೊಟ್ಟು ಹೊಲಿಗೆ ಹಿಡಿಸಿಕೊಂಡು ಬಂದೆ. ಇನ್ನು ನಾಲ್ಕೇ ನಾಲ್ಕು, ಶ್ರಾವಣಕ್ಕೆ ಮುಗಿಯುತ್ತದೆ ಎಂದುಕೊಂಡೆ.

ಶ್ರಾವಣ ಬಂತು, ಹೋಯಿತು. ಗಣೇಶನ ಹಬ್ಬ ಹೋಯಿತು. ಆಯುಧಪೂಜೆ ಹೋಯಿತು. ಮುಳ್ಳು ಎಪ್ಪತ್ತೆಂಟರಲ್ಲೇ ನಿಂತಿತು.

ಒಂದೇ ಅಂಕಿಯನ್ನು ದಿನವೂ ನೋಡುವ ಸುಸ್ತು ಏನೆಂದು ನೋಡಿದವರಿಗೇ ಗೊತ್ತು. ಉಪಕೇಂದ್ರದ ಬಾಗಿಲು ತೆಗೆದವಳೇ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತುತ್ತಿದ್ದೆ. ಯಂತ್ರವನ್ನು ಈ ಮೂಲೆಯಿಂದ ಆ ಮೂಲೆಗೆ ಇಟ್ಟು ನೋಡಿದೆ. ಬಳೆ ಬಿಚ್ಚಿ ನೋಡಿದೆ. ಕೈ ಮಾಂಗಲ್ಯದ ಸರಕ್ಕೆ ಹೋಗಿ, ಥೂ, ಇದೇನು ಹುಚ್ಚು ಎಂದು ಇಳಿದುಬಿಟ್ಟೆ. ಯಂತ್ರವೇ ಕೆಟ್ಟಿದೆ ಎಂದು ಒಂದು ದಿನ ನರಸೀಪುರದ ಗೊಬ್ಬರದ ಅಂಗಡಿಗೆ ಹೋಗಿ, ಮೂಟೆ ತೂಗುವ ಕಾಟಾದ ಮೇಲೆ ನಿಂತೆ. ಅಂಗಡಿಯವನು ಕನ್ನಡಕ ಏರಿಸಿ ನೋಡಿ, ಎಪ್ಪತ್ತೆಂಟು ಮೇಡಂ, ಯೂರಿಯಾ ಮೂಟೆಗಿಂತ ಜಾಸ್ತಿ ಎಂದ. ಅವನಿಗೆ ತಮಾಷೆ. ನಾನು ಹಿಂದಿನ ರಾತ್ರಿ ಎರಡು ಸೌತೆಕಾಯಿ ತಿಂದು ಮಲಗಿದ್ದವಳು.

ಉಪದೇಶಕ್ಕಂತೂ ಬರವಿರಲಿಲ್ಲ. ಬಿಸಿನೀರಿಗೆ ಜೀರಿಗೆ ಹಾಕು ಎಂದರೊಬ್ಬರು, ರಾತ್ರಿ ಊಟವನ್ನೇ ಬಿಡು ಎಂದರಿನ್ನೊಬ್ಬರು. ನಡೆಯುವುದು ಸಾಲದು, ಓಡಬೇಕು ಎಂದರು. ಓಡಿದೆ. ಮಂಡಿ ಊದಿ ಎಂಟು ದಿನ ಕುಂಟಿದೆ. ಆ ಎಂಟು ದಿನವೂ ಎಪ್ಪತ್ತೆಂಟೇ. ಹಳ್ಳಿಯ ಹೆಂಗಸರಿಗೆ ನನಗೆ ಶುಗರ್ ಬಂದಿದೆಯೆಂದು ಖಾತ್ರಿಯಾಗಿತ್ತು. ಒಬ್ಬ ಅಜ್ಜಿ ಮೊಮ್ಮಗನನ್ನು ತೂಕಕ್ಕೆ ತಂದವಳು, ನಮ್ಮ ಕೂಸಿಗೆ ತಿನ್ನಿಸು ತಿನ್ನಿಸು ಎನ್ನುವ ನೀನು ಹೀಗೆ ಉಪವಾಸ ಬಿದ್ದರೆ ನಿನ್ನ ಮಾತು ಯಾರು ಕೇಳಬೇಕು ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ತಮ್ಮನಿಗೂ ಅತ್ತ ತೂಕದ್ದೇ ಕಾಟ. ಡಯಾಲಿಸಿಸ್ಸಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅವನನ್ನು ತೂಗುತ್ತಿದ್ದರು. ಮೂತ್ರ ನಿಂತುಹೋದ ಮೈಗೆ ಕುಡಿದ ನೀರೆಲ್ಲ ತೂಕವಾಗಿ ಕೂರುತ್ತದೆ. ದಿನಕ್ಕೆ ಮುಕ್ಕಾಲು ಲೀಟರು, ಅದರಲ್ಲೇ ಸಾರು, ಮಜ್ಜಿಗೆ, ಕಾಫಿ, ಮಾತ್ರೆ ನುಂಗುವ ನೀರು ಎಲ್ಲ. ಸವಿತ ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ಅಳೆದಿಟ್ಟುಬಿಡುತ್ತಿದ್ದಳು. ನನಗೆ ಹಸಿವು, ಅವನಿಗೆ ಬಾಯಾರಿಕೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೂ ಹೊಟ್ಟೆ ತುಂಬ ಏನೂ ಇಲ್ಲದ ವರ್ಷ ಅದು.

ಅದಕ್ಕೂ ಮುಂಚೆ, ಆಷಾಢದಲ್ಲಿ ವಯನಾಡಿನ ಕಡೆ ಮಳೆ ಹಿಡಿದು ಕಪಿಲೆ ತುಂಬಿದಳು. ಜಲಾಶಯದ ಬಾಗಿಲು ತೆಗೆದ ಎರಡನೆಯ ದಿನ ಸ್ನಾನಘಟ್ಟದ ಮೆಟ್ಟಿಲೆಲ್ಲ ಮುಳುಗಿ, ಹದಿನಾರು ಕಾಲಿನ ಮಂಟಪದ ತಲೆ ಮಾತ್ರ ಕಾಣುತ್ತಿತ್ತು. ನನ್ನ ನಡಿಗೆಯ ದಾರಿ ನೀರಿನಡಿಗೆ ಹೋಯಿತು. ಮೈಸೂರು ರಸ್ತೆಯ ಮೇಲೂ ನೀರು ಬಂದು ಬಸ್ಸುಗಳು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಡಯಾಲಿಸಿಸ್ಸಿಗೆ ಹೊರಟಿದ್ದ ಮಾದೇವನ ಜೊತೆ ಅವತ್ತು ನಾನೂ ಹೊರಟೆ. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಇಬ್ಬರೂ ಹೊಳೆ ನೋಡಲು ಹೋದೆವು. ಕೆಂಪು ನೀರು ಮರದ ದಿಮ್ಮಿ, ತೆಂಗಿನ ಗರಿ ಎಲ್ಲವನ್ನೂ ಹೊತ್ತು ಸದ್ದು ಮಾಡುತ್ತ ಹೋಗುತ್ತಿತ್ತು. ಅವನ ತುಟಿ ಒಡೆದು ಸಿಪ್ಪೆ ಎದ್ದಿತ್ತು. ನಾಲಿಗೆಯಲ್ಲಿ ಸವರಿಕೊಂಡ.

"ನೋಡ್ಕಂಡ್ ನಿಂತ್ರೇನೇ ತೂಕ ಏರ್ಬುಡ್ತದೇನೋ ಅಂತ ಬಯ ಆಯ್ತದೆ ಕಣಕ್ಕ" ಎಂದ.

ನನಗೆ ನಗು ಬಂತು. ಅವನೂ ನಕ್ಕ. ನನ್ನ ಮೈಯಿಂದ ನಾಲ್ಕು ಕೇಜಿ ಇಳಿದಿದ್ದರೆ ಅವನು ಈ ಹೊತ್ತಿಗೆ ಹೊಳೆಗೆ ಬಾಯಿ ಹಾಕಿ ಕುಡಿಯಬಹುದಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಅವನಿಗೂ ಅನ್ನಿಸಿರಬೇಕು. ಬಸ್ಸು ಬಂತೆಂದು ಯಾರೋ ಕೂಗಿದರು, ಹೋಗಿ ಹತ್ತಿದೆವು.

ಭಾನುವಾರಗಳಲ್ಲಿ ಹೆಡತಲೆಗೆ ಹೋಗುವುದು ನನ್ನ ರೂಢಿ. ಮೊದಲ ಆರು ಕೇಜಿ ಇಳಿದಾಗ ಅವ್ವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದ್ದಳು. ಕತ್ತಿನ ಮೂಳೆ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಗಡಿಯ ಓಟ್ಸು ಗೀಟ್ಸು ನಮ್ಮ ಮೈಗೆ ಹಿಡಿಯುವುದಿಲ್ಲ, ನಾನೇ ಹಿಟ್ಟು ಮಾಡಿ ಕೊಡುತ್ತೇನೆ ಎಂದಳು. ಮೊಳಕೆ ರಾಗಿ, ಹುರುಳಿ, ಮೆಂತ್ಯ. ಮೆಂತ್ಯ ಕೊಬ್ಬು ಕರಗಿಸುತ್ತದೆ ಎಂದು ಅದನ್ನು ಕೊಂಚ ಜಾಸ್ತಿಯೇ ಹಾಕಿದ್ದಳು. ನಾನು ಬೆಳಿಗ್ಗೆ ಒಂದು ಲೋಟ, ಕೆಲಸದಿಂದ ಬಂದ ಮೇಲೆ ಒಂದು ಲೋಟ, ಮಜ್ಜಿಗೆ ಉಪ್ಪು ಹಾಕಿ ಗಂಜಿ ಕಾಯಿಸಿ ಕುಡಿಯುತ್ತಿದ್ದೆ. ಕಹಿಯಿತ್ತು. ಕಹಿ ಇದ್ದದ್ದರಿಂದಲೇ ಮದ್ದಿನಂತೆ ಕಂಡಿತು. ಕುಡಿದರೆ ಮಧ್ಯಾಹ್ನದವರೆಗೆ ಹಸಿವಾಗುತ್ತಿರಲಿಲ್ಲ. ಪ್ರತಿ ಭಾನುವಾರ ಖಾಲಿ ಡಬ್ಬ ಕೊಟ್ಟು ತುಂಬಿದ ಡಬ್ಬ ತರುತ್ತಿದ್ದೆ. ಇಳೀತೇನವ್ವ ಎಂದು ಅವ್ವ ಪ್ರತಿ ವಾರವೂ ಕೇಳುತ್ತಿದ್ದಳು. ಇಲ್ಲ ಎಂದರೆ ತಲೆ ಬಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಸಂಕಟವಾಗುತ್ತಿದೆ ಎಂದುಕೊಂಡಿದ್ದೆ.

ಕಾರ್ತೀಕದಲ್ಲಿ ಮಾದೇವನಿಗೆ ಬಾಯಾರಿಕೆ ತಡೆಯಲಾಗಲಿಲ್ಲ. ಭತ್ತದ ಕುಯ್ಲು ನೋಡಲು ಗದ್ದೆಗೆ ಹೋಗಿದ್ದನಂತೆ. ಆಳುಗಳಿಗೆಂದು ತಂದಿಟ್ಟಿದ್ದ ಬಿಂದಿಗೆಯನ್ನು ಬದುವಿನ ಮೇಲೆ ಕಂಡವನು, ಯಾರೂ ನೋಡುತ್ತಿಲ್ಲವೆಂದು ಎತ್ತಿ ಕುಡಿದನಂತೆ. ಎಷ್ಟು ಕುಡಿದನೋ. ಸಂಜೆಗೆ ಉಸಿರು ಸಿಕ್ಕಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮೂರು ದಿನ ಐಸಿಯುನಲ್ಲಿಟ್ಟು ಉಳಿಸಿದರು. ಸವಿತ ನನ್ನ ಸೊಂಟವನ್ನು ಒಂದು ಸಲ ನೋಡಿದಳು. ಪಾಪ, ಅವಳ ತಪ್ಪೇನಿದೆ. ಆ ನೋಟಕ್ಕೆ ನಾನು ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಮುಂದಿನ ಶನಿವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ತೂಕ ಕಮ್ಮಿಯಿರುವ ಮಕ್ಕಳಿಗೆ ಪೌಷ್ಟಿಕ ಹಿಟ್ಟು ಮಾಡುವುದು ಹೇಗೆಂದು ನಾನೇ ಒಲೆ ಮುಂದೆ ಕೂತು ತೋರಿಸಬೇಕು. ನೂರಾರು ಸಲ ತೋರಿಸಿದ್ದೇನೆ. ಮೊಳಕೆ ರಾಗಿ, ಹೆಸರುಕಾಳು, ಕಡಲೆಕಾಯಿ ಬೀಜ, ಹುರಿಗಡಲೆ, ತುಪ್ಪದಲ್ಲಿ ಹುರಿಯಬೇಕು. ಅವತ್ತು ಒಬ್ಬಳು ಮನೆಯಲ್ಲಿ ತಾನೇ ಮಾಡಿದ್ದ ಹಿಟ್ಟನ್ನು ಡಬ್ಬದಲ್ಲಿ ತಂದಿದ್ದಳು. ಸರಿಯಾಗಿದೆಯಾ ನೋಡಿ ಎಂದು ಅಂಗೈಗೆ ಹಾಕಿದಳು. ಹಸಿದ ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಅದು ಹೊಸದಾಗಿರಲಿಲ್ಲ. ಆರು ತಿಂಗಳಿಂದ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದದ್ದು ಇದೇ. ಮೆಂತ್ಯದ ಕಹಿ ಒಂದಿಲ್ಲ, ಅಷ್ಟೇ ವ್ಯತ್ಯಾಸ.

ಸಭೆಯನ್ನು ಅಂಗನವಾಡಿ ಟೀಚರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ನಾನು ಭಾನುವಾರ ಬರುವವಳು, ಶನಿವಾರ ಮಧ್ಯಾಹ್ನ ಯಾರೂ ನಿರೀಕ್ಷಿಸಿರಲಿಲ್ಲ. ಅವ್ವ ಹಿತ್ತಿಲಲ್ಲಿ ಕೂತು ಮೊರದಲ್ಲಿ ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಕೇರುತ್ತಿದ್ದಳು. ಪಕ್ಕದಲ್ಲಿ ನನ್ನ ಡಬ್ಬ. ಇನ್ನೊಂದು ಬಟ್ಟಲಲ್ಲಿ ತುಪ್ಪ. ನನ್ನನ್ನು ನೋಡಿದಳು, ಕೇರುವುದನ್ನು ನಿಲ್ಲಿಸಲಿಲ್ಲ. ಯಾರಿಗೆ ಇದೆಲ್ಲ ಎಂದು ಕೇಳಿದೆ. ನಿನಗೇ ಎಂದಳು, ಕದ್ದು ಮಾಡುತ್ತಿದ್ದವಳಂತೆ ಅಲ್ಲ, ಕೇಳಲಿ ಎಂದು ಕಾಯುತ್ತಿದ್ದವಳಂತೆ. ತೂಕ ಏರಬೇಕಾದರೆ ಇದನ್ನು ತಿನ್ನಿಸಿ ಎಂದು ಕಲಿಸಿಕೊಟ್ಟವಳು ನೀನೇ ತಾನೆ ಎಂದಳು. ನಿಜ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಂಗಸರ ಮುಂದೆ ತಪ್ಪಬಾರದೆಂದು ಇದೇ ಹಿತ್ತಿಲಲ್ಲಿ ಅವ್ವನ ಮುಂದೆ ಅಭ್ಯಾಸ ಮಾಡಿದ್ದೆ.

ನನಗೆ ರೇಗಿತು. ನಿನ್ನ ಮಗ ಸಾಯುತ್ತಿದ್ದಾನೆ, ಗೊತ್ತಿದೆಯಾ ಎಂದು ಕೂಗಿಬಿಟ್ಟೆ. ಆಗ ಅವ್ವ ಮೊರ ಕೆಳಗಿಟ್ಟಳು.

"ಗೊತ್ತು ಕಣ್ಕೂಸು. ಅವುನ್ನ ಬುಟ್ಬುಡು ಅಂತ ನನ್ ಬಾಯಲ್ ಬತ್ತದಾ? ನೀನ್ ಒಟ್ಟೆ ಕುಯ್ಸ್ಕೊ ಅಂತ ಬತ್ತದಾ? ಇಬ್ರುನ್ನೂ ಎತ್ತೋಳು ನಾನೇ. ಎಲ್ಡ್ ಮಾತೂ ಬರ್ನಿಲ್ಲ ನಂಗೆ. ತೂಕ ಇಳೀನಿಲ್ಲ ಅಂತ ಡಾಕ್ಟ್ರೇ ಬ್ಯಾಡ ಅಂದ್ಬುಟ್ರೆ, ನಾನ್ ಏಳ್ದಂಗೆ ಆಗ್ನಿಲ್ಲ ಅಲ್ವಾ ಅನ್ಕಂಡೆ."

ಅಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳಲಿಲ್ಲ. ನಾನೂ ಅಳಲಿಲ್ಲ. ಒಲೆಯ ಮೇಲಿನ ಬಾಂಡ್ಲಿಯಲ್ಲಿ ಉಳಿದಿದ್ದ ಒಂದಿಷ್ಟು ಬೀಜ ಸೀದು ಹೊಗೆ ಏಳತೊಡಗಿತು, ಯಾರೂ ಇಳಿಸಲಿಲ್ಲ.

ಮಾದೇವ ನಡುಮನೆಯಲ್ಲಿ ಮಲಗಿದ್ದಾನೆಂಬುದು ಇಬ್ಬರಿಗೂ ಮರೆತಿತ್ತು. ಎಲ್ಲ ಕೇಳಿಸಿಕೊಂಡಿದ್ದಾನೆ. ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಂತ. ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು, ಅಂಗಿ ಹ್ಯಾಂಗರಿನ ಮೇಲೆ ಹಾಕಿದಂತೆ ತೂಗುತ್ತಿತ್ತು. ಅವ್ವನನ್ನು ನೋಡಿದ, ಡಬ್ಬ ನೋಡಿದ, ನನ್ನ ಕಡೆ ನೋಡಲಿಲ್ಲ.

"ಅವ್ವ, ಅಕ್ಕ ಬಿಸ್ಲಲ್ ಬಂದದೆ, ಒಂದ್ ಲೋಟ ಕಾಪಿ ಕಾಯ್ಸ್ಕೊಡು" ಎಂದ. ಗೋಡೆ ಹಿಡಿದು ಒಳಗೆ ತಿರುಗುತ್ತ ಮತ್ತೆ ಹೇಳಿದ, "ಸಕ್ರೆ ಆಕ್ಬ್ಯಾಡ."

ವರ್ಷವಿಡೀ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬದುಕಬೇಕು ಎಂದು ಅವನಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತಾದದ್ದು ಆ ಒಂದು ಮಾತಿನಿಂದ. ಅವ್ವ ಎದ್ದು ಹೋಗಿ ಕಾಫಿ ಮಾಡಿದಳು. ಸಕ್ಕರೆ ಹಾಕಲಿಲ್ಲ. ನಾನು ಕುಡಿದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅವ್ವನ ಮೇಲಿನ ಸಿಟ್ಟು ಮೂರು ಸ್ಟಾಪು ದಾಟುವಷ್ಟರಲ್ಲಿ ಇಳಿದುಹೋಯಿತು. ಆಮೇಲೆ ಉಳಿದದ್ದು ಇನ್ನೊಂದು ಯೋಚನೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಇಪ್ಪತ್ತು ವರ್ಷ ಆ ಹಿಟ್ಟು ಹುರಿದು, ರುಚಿ ನೋಡಿ, ಊರಿಗೆಲ್ಲ ಹಂಚಿದವಳ ನಾಲಿಗೆಗೆ ಆರು ತಿಂಗಳು ಅದು ತಿಳಿಯಲಿಲ್ಲವೆಂದರೆ ನಂಬಬಹುದಾ? ಒಂದು ಹಿಡಿ ಮೆಂತ್ಯಕ್ಕೆ ಅಷ್ಟು ಶಕ್ತಿಯಿದೆಯಾ? ಬೆಳಿಗ್ಗೆ ಯಂತ್ರ ಹತ್ತಿ ಎಪ್ಪತ್ತೆಂಟು ಕಂಡಾಗ ಕೋಪ ಬರುತ್ತಿತ್ತು, ದುಃಖ ಬರುತ್ತಿತ್ತು, ಅದೆಲ್ಲ ನಿಜ. ಅವೆರಡರ ಹಿಂದೆಯೇ ಇವತ್ತಿಗೆ ಇಲ್ಲ ಎಂಬ ಒಂದು ಸಮಾಧಾನವೂ ಬರುತ್ತಿತ್ತು. ನನಗೆ ಭಯವಿತ್ತು. ಹೊಟ್ಟೆ ಕೊಯ್ಯಿಸಿಕೊಳ್ಳುವ ಭಯ, ಮಕ್ಕಳು ಇನ್ನೂ ಓದುತ್ತಿದ್ದಾರೆ ಎಂಬ ಭಯ. ತಮ್ಮನಿಗೆ ಕೊಡುತ್ತೇನೆಂದು ಎಲ್ಲರೆದುರು ಹೇಳಿಯಾದ ಮೇಲೆ ಭಯವನ್ನು ಇಟ್ಟುಕೊಳ್ಳಲು ಬೇರೆ ಜಾಗವಿರಲಿಲ್ಲ. ಅವ್ವನೂ ಆ ಹಿಟ್ಟಿನ ಡಬ್ಬದಲ್ಲೇ ಬಚ್ಚಿಟ್ಟಳು, ನಾನೂ ಅಲ್ಲೇ ಬಚ್ಚಿಟ್ಟೆ.

ಹಿಟ್ಟು ನಿಲ್ಲಿಸಿದೆ. ಸಂಕ್ರಾಂತಿಯ ಹೊತ್ತಿಗೆ ಎರಡು ಕೇಜಿ ಇಳಿಯಿತು. ಎಪ್ಪತ್ತಾರಕ್ಕೆ ಬಂದು ಮತ್ತೆ ನಿಂತುಬಿಟ್ಟಿತು. ಹಿಟ್ಟಿನದಷ್ಟೇ ತಪ್ಪಲ್ಲ, ಮೈಗೂ ಅದರದೇ ಒಂದು ಮೊಂಡುತನವಿರುತ್ತದೆ. ಈ ಸಲ ನಾನು ಕಾಯಲಿಲ್ಲ. ಎಪ್ಪತ್ತಾರನ್ನೇ ಹೊತ್ತುಕೊಂಡು ಮೈಸೂರಿಗೆ ಹೋಗಿ ಡಾಕ್ಟರ ಮುಂದೆ ನಿಂತೆ. ಅವರು ರಕ್ತ, ಬೀಪಿ, ಸ್ಕ್ಯಾನು ಎಲ್ಲ ಮತ್ತೆ ಮಾಡಿಸಿದರು. ಎಲ್ಲ ಚೆನ್ನಾಗಿದೆ, ಇಷ್ಟು ಸಾಕು, ದಿನ ಗೊತ್ತು ಮಾಡೋಣ ಎಂದರು. ಆಮೇಲೆ ಕಾಗದದಿಂದ ತಲೆಯೆತ್ತಿ, ಎಪ್ಪತ್ನಾಲ್ಕು ಅಂದರೆ ಎಪ್ಪತ್ನಾಲ್ಕೇ ಎಂದು ಹಿಡಿದುಕೊಂಡು ಕೂತಿರಾ, ನೀವೇ ಆರೋಗ್ಯ ಇಲಾಖೆಯವರು, ಮಧ್ಯೆ ಒಂದು ಸಲ ಬಂದು ತೋರಿಸಬಾರದಿತ್ತಾ ಎಂದು ಕೇಳಿದರು. ನನ್ನ ಹತ್ತಿರ ಇದ್ದ ಉತ್ತರ ಅವರಿಗೆ ಹೇಳುವಂಥದ್ದಾಗಿರಲಿಲ್ಲ.

ಯುಗಾದಿಗೆ ಹದಿನೈದು ದಿನ ಮುಂಚೆ ಆಪರೇಷನ್ ಆಯಿತು. ಅವ್ವ ಬೆಳಿಗ್ಗೆಯಿಂದ ಥಿಯೇಟರಿನ ಹೊರಗೆ ನೆಲದ ಮೇಲೆ ಕೂತಿದ್ದವಳು ಕುರ್ಚಿ ಕೊಟ್ಟರೂ ಏಳಲಿಲ್ಲವಂತೆ. ಇಬ್ಬರೂ ಹೊರಗೆ ಬಂದ ಮೇಲೆಯೇ ಬಾಯಿಗೆ ನೀರು ಬಿಟ್ಟುಕೊಂಡಳಂತೆ. ನಾಲ್ಕನೆಯ ದಿನ ನನಗೆ ಊಟ ಕೊಡಬಹುದೆಂದಾಗ ಫ್ಲಾಸ್ಕಿನಲ್ಲಿ ಗಂಜಿ ತಂದು ಲೋಟಕ್ಕೆ ಬಗ್ಗಿಸಿದಳು. ಬೀಜ ಹಾಕಿದ್ದೇನೆ, ತುಪ್ಪ ಹಾಕಿದ್ದೇನೆ, ಎರಡು ಬಾದಾಮಿಯನ್ನೂ ಅರೆದು ಹಾಕಿದ್ದೇನೆ ಎಂದು ಒಂದೊಂದಾಗಿ ಒಪ್ಪಿಸಿದಳು. ನರ್ಸುಗಳೆಲ್ಲ ನಕ್ಕರು. ಅಷ್ಟರಲ್ಲಿ ಸವಿತ ಬಂದು, ಮಾದೇವನಿಗೆ ಎಷ್ಟು ಬೇಕಾದರೂ ನೀರು ಕುಡಿಯಲು ಹೇಳಿದ್ದಾರೆ, ಕುಡಿಯದಿದ್ದರೆ ಬೈಯುತ್ತಿದ್ದಾರೆ ಎಂದಳು. ನಾನು ಹೋ ಎಂದು ಅತ್ತೆ. ಹೊಲಿಗೆ ಎಳೆಯುತ್ತದೆ, ಅಳಬೇಡ ಎಂದು ಅವ್ವ ಬೈದಳು.

ಅಷ್ಟೇ ಕಥೆ. ಮಾದೇವ ಈಗ ಚೆನ್ನಾಗಿದ್ದಾನೆ. ಹೊಸ ಕಿಡ್ನಿಯ ಮಾತ್ರೆಗಳು ತರುವ ಹಸಿವಿಗೆ ಮೈ ತುಂಬಿಕೊಂಡು, ಬಾಳೆ ತೋಟದಲ್ಲಿ ಓಡಾಡುತ್ತ, ಅಕ್ಕ ವಾಕಿಂಗ್ ಹೋಗ್ತದಾ ಇಲ್ವಾ ಎಂದು ಯಜಮಾನರಿಗೆ ಫೋನು ಮಾಡಿ ವಿಚಾರಿಸುತ್ತಾನೆ. ನನ್ನ ತೂಕ ಹೋದ ದಾರಿಯಲ್ಲೇ ವಾಪಸ್ಸು ಬಂತು. ಈ ವರ್ಷದ ತಪಾಸಣೆಯಲ್ಲಿ ಎಂಬತ್ಮೂರು. ಇರುವ ಒಂದು ಕಿಡ್ನಿಯ ಮೇಲೆ ಕರುಣೆ ಇಡಿ ಎಂದು ಡಾಕ್ಟರು ಗದರಿಸಿದರು. ಮತ್ತೆ ನಡಿಗೆ, ಮತ್ತೆ ಅರ್ಧ ಮುದ್ದೆ. ಐದು ಕೇಜಿ ಇಳಿದು, ಎಪ್ಪತ್ತೆಂಟಕ್ಕೆ ಬಂದು, ಮತ್ತೆ ಅಲ್ಲೇ ನಿಂತಿದೆ. ಅವ್ವ ಹೋಗಿ ಎರಡು ವರ್ಷವಾಯಿತು. ಈಗ ಗಂಜಿಯ ಹಿಟ್ಟು ನಾನೇ ಮಾಡಿಕೊಳ್ಳುತ್ತೇನೆ. ರಾಗಿ ಬಿಟ್ಟು ಅದರಲ್ಲಿ ಏನೂ ಇಲ್ಲ. ಈ ಸಲ ಅನುಮಾನಪಡಲು ಮನೆಯಲ್ಲಿ ಯಾರೂ ಇಲ್ಲ.

ಮಿಲ್ಲಿನ ಮುಂದೆ ಅಷ್ಟು ಹೊತ್ತು ನಿಂತದ್ದು ನೋಡಿ ಮಿಲ್ಲಿನವನು, ಬಾಣಂತನಕ್ಕೇನಾದರೂ ಹಿಟ್ಟು ಮಾಡಿಸಬೇಕಾ ಎಂದು ಕೇಳಿ, ಬೀಸಿದ್ದರಲ್ಲಿ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದ. ಬಿಸಿಯಾಗಿತ್ತು. ಬಾಯಿಗೆ ಹಾಕಿಕೊಂಡೆ. ಬೀಜ, ಹೆಸರುಕಾಳು, ತುಪ್ಪ, ಎಲ್ಲ ಹದವಾಗಿತ್ತು. ಇದಕ್ಕೆ ಮೆಂತ್ಯ ಹಾಕಿಲ್ಲವಾ ಎಂದು ಕೇಳಿದೆ.

"ಕೂಸಿನ್ ಇಟ್ಗೆ ಯಾರಕ್ಕ ಮೆಂತ್ಯ ಆಕ್ತಾರೆ? ಕಯಿ ಆಗಕಿಲ್ವ?" ಎಂದ.

"ನಮ್ಮವ್ವ ಆಕ್ತಿತ್ತು" ಎಂದೆ.

ಸೊಪ್ಪಿನ ಚೀಲ ಎತ್ತಿಕೊಂಡು ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಮನೆಯ ತೂಕದ ಯಂತ್ರ ಹತ್ತಿದರೆ ಮುಳ್ಳು ಅಲ್ಲೇ ಇತ್ತು. ಇಳಿದು, ಚಪ್ಪಲಿ ಹಾಕಿಕೊಂಡು, ಸ್ನಾನಘಟ್ಟದ ಕಡೆ ನಡೆದೆ.